ಗೊರಟಿನ ಬೆಂಕಿ, ಬೀಜದ ಪರಿಮಳ

ಗ್ಯಾಸ್ ಸಿಲಿಂಡರನ್ನು ಈ ದೇಶದಿಂದಲೇ ಗಡೀಪಾರು ಮಾಡುತ್ತೇನೆಂದು ಡೊಂಬಿವಲಿಯ ನಮ್ಮ ಫ್ಲ್ಯಾಟಿನಲ್ಲಿ, ಹಾಪೂಸ್ ಮಾವಿನ ಗೊರಟು ಚೀಪುತ್ತಾ ನಾನು ಘೋಷಿಸಿದೆ! ಸೊಸೈಟಿಯವರೆಲ್ಲ ಎಸೆಯುವ ಗೊರಟುಗಳನ್ನು ಒಣಗಿಸಿ, ಪುಡಿ ಮಾಡಿ, ಬಿಲ್ಲೆ ತಟ್ಟಿದರಾಯಿತು. ಇದ್ದಿಲು ನಾಚಬೇಕು, ಹಾಗೆ ಉರಿಯುತ್ತದಂತೆ!

"ಸೋಲಾರ್ ಕುಕ್ಕರಲ್ಲಿ ಹೆಸರುಕಾಳು ಬೇಯಿಸ್ಲಿಕ್ಕೆ ಹೋಗಿ ಮೊಳಕೆ ಬರಿಸಿದವರು ನೀವೇ ಅಲ್ವಾ?" ಎಂದಳು ಹೆಂಡತಿ ಜಯಲತಾ.

ಮಹಾಪುರುಷರನ್ನು ಮನೆಯವರು ಗುರುತಿಸುವುದು ಕೊನೆಗೇ!

ಸೊಸೈಟಿಯ ಚೇರ್ಮನ್ ಮನೀಶ ಷರತ್ತು ಹಾಕಿದರು. ಭಾನುವಾರ ಟೆರೇಸಿನಲ್ಲಿ ಎಲ್ಲರೆದುರು ಚಹಾ ಕುದಿಸಿದರೆ ಶಾಲು, ತೆಂಗಿನಕಾಯಿ ಕೊಟ್ಟು ಸತ್ಕಾರ. ಕುದಿಯದಿದ್ದರೆ ಟೆರೇಸಿನ ಕೀಲಿಕೈ ವಾಪಸ್! ಟೆರೇಸೇ ನನ್ನ ಪ್ರಯೋಗಶಾಲೆ. ಅದು ಹೋದರೆ ನಾನು ಬರೀ ಗುಮಾಸ್ತ.

ಗೊರಟು ಒಡೆದೆ, ಅರೆದೆ. ಮಿಕ್ಸರ್ ಅತ್ತಿತು. ಬಿಲ್ಲೆ ತಟ್ಟಿದರೆ ಮುಟ್ಟಿದೊಡನೆ ಪುಡಿಪುಡಿ! ಅಂಟೇ ಇಲ್ಲ. ತಲೆ ಕೆರೆದುಕೊಳ್ಳುವಾಗ ಬಾಲ್ಕನಿಯ ಮೂಲೆಯಲ್ಲಿ ಒಂದು ಗೋಣಿಚೀಲ ಕಂಡಿತು. ಒಳಗೆ ಮಣ್ಣು ಮೆತ್ತಿದ ಬೀಜಗಳು. ನಾನು ಹುಟ್ಟಿ ಬೆಳೆದದ್ದೆಲ್ಲ ಡೊಂಬಿವಲಿಯಲ್ಲೇ, ಊರಿನ ಬೀಜಗಳ ಗುರುತು ನನಗೆಲ್ಲಿ! ಯಾವುದೋ ಹಾಳಾದ ಬೀಜವೆಂದು ತೀರ್ಮಾನಿಸಿ ತೊಳೆದೆ, ಒಣಗಿಸಿದೆ, ಬೀಸಿದೆ, ಗೊರಟಿನ ಪುಡಿಗೆ ಕಲಸಿದೆ. ಆಹಾ, ಗೋಂದಿಗಿಂತ ಗಟ್ಟಿ ಅಂಟು! ಬಿಲ್ಲೆಗಳು ಕಲ್ಲಾದವು.

ಭಾನುವಾರ ಬೆಂಕಿ ಹಚ್ಚಿದೆ. ಉರಿಯಿತು ನೋಡಿ! ಚಹಾ ಉಕ್ಕಿ ಚೆಲ್ಲಿತು. ಚಪ್ಪಾಳೆ!

"ಏಕದಂ ಭಾರಿ, ಗುಣಪಾಲ್ ಸಾಹೇಬ್!" ಎಂದು ಮನೀಶ ಶಾಲು ಹೊದಿಸಿ ಕೈಗೆ ತೆಂಗಿನಕಾಯಿ ಕೊಟ್ಟರು.

"ಪಪ್ಪಾ, ಆಪ್ ತೋ ಸ್ಟಾರ್ ಹೋ ಗಯೇ!" ಎಂದು ಮಗಳು ಅನುಷ್ಕಾ ವಿಡಿಯೊ ತೆಗೆದಳು. ಜಯಲತಾಳ ಮುಖವೂ ಅರಳಿತ್ತು. ಮದುವೆಯ ನಂತರ ಮೊದಲ ಸಲ ನನಗೆ ನನ್ನ ಮೇಲೆಯೇ ಗೌರವ ಬಂತು!

ಆಗಲೇ ಎದುರಿನ ಬಿಲ್ಡಿಂಗಿನ ಹೋಟೆಲಿನ ರಂಜನ್ ತಟ್ಟೆ ಹಿಡಿದು ಓಡಿ ಬಂದ.

"ಯಾರು ಮಾರಾಯ್ರೆ ಹಲಸಿನ ಬೀಜ ಸುಡುವುದು? ಪರಿಮಳ ರಸ್ತೆವರೆಗೆ ಉಂಟು! ನನಗೂ ನಾಲ್ಕು ಹಾಕಿ!"

ಜಯಲತಾಳ ನಗು ನಿಂತಿತು.

"ಬಾಲ್ಕನಿಯ ಗೋಣಿಚೀಲ ಎಲ್ಲಿ?"

"ಅದು... ಮಣ್ಣು ಹಿಡಿದು ಹಾಳಾಗಿತ್ತಲ್ಲ..."

"ಹಾಳಾಗಬಾರದು ಅಂತಲೇ ಮಣ್ಣು ಹಚ್ಚಿದ್ದು! ನನ್ನ ಅಮ್ಮ ಕಾರ್ಕಳದಲ್ಲಿ ಕೂತು ಒಂದೊಂದಕ್ಕೂ ಕೆಮ್ಮಣ್ಣು ಮೆತ್ತಿ ಕಳಿಸಿದ್ದು! ಮಳೆಗಾಲದ ಸಾರು, ಪಲ್ಯ ಎಲ್ಲ ನಿಮ್ಮ ಚಹಾದ ಅಡಿಗೆ ಹೋಯ್ತಲ್ಲ!"

ಕನ್ನಡ ಬಾರದ ಮನೀಶ, ಅತ್ತಿಗೆ ಏನನ್ನುತ್ತಿದ್ದಾರೆಂದು ಕುತೂಹಲದಿಂದ ಕೇಳಿದರು: "ವಹಿನಿ ಕಾಯ್ ಮ್ಹಣತಾತ್?"

"ಹೊಗಳುತ್ತಿದ್ದಾಳೆ" ಎಂದು ಮರಾಠಿಯಲ್ಲಿ ಹೇಳಿದೆ. ಮತ್ತೊಮ್ಮೆ ಚಪ್ಪಾಳೆ ಬಿತ್ತು!

ಆ ಸದ್ದಿನ ನಡುವೆಯೇ ಜಯಲತಾ ಕೈ ಚಾಚಿದಳು. "ತೆಂಗಿನಕಾಯಿ ಇಲ್ಲಿ ಕೊಡಿ."

"ಸತ್ಕಾರದ್ದು ಕಣೇ! ಯಾಕೆ?"

"ಅದೂ ಒಂದು ಬೀಜವೇ. ನಿಮಗೆ ಅದು ನೆನಪಾಗಿ ಬಿಲ್ಲೆ ತಟ್ಟುವ ಮೊದಲು ಚಟ್ನಿ ಮಾಡ್ತೇನೆ!"