ಮೇಷ್ಟ್ರ ಮೊಳೆಯಿಲ್ಲದ ಕಾಲುಮಣೆ

"ಒಂದೇ ಒಂದು ಮೊಳೆ ಹೊಡೆಯಲ್ಲ! ಮರಕ್ಕೆ ಮರವನ್ನೇ ಕಚ್ಚಿಸಿ ಕಾಲುಮಣೆ ಮಾಡ್ತೀನಿ. ಆ ಹಳೇದನ್ನ ಒಲೆಗೆ ಹಾಕು!"

ಭೂಗೋಳ ಕಲಿಸಿ ನಿವೃತ್ತರಾದ ಅಂಪೋಫೋ ಮೇಷ್ಟ್ರು ಹೀಗೆ ಘೋಷಿಸಿದರು. ಹೆಂಡತಿ ಸೆರ್ವಾ ಪಾಪ, ನಂಬಿಬಿಟ್ಟಳು! ಹಳೆಯ ಮಣೆ ಬೂದಿಯಾಯಿತು. ಅಲ್ಲಿಂದ ಮೂರು ವಾರ, ಗಂಡ ನಿಂತು ಬೇಯಿಸಿದ ಮರಗೆಣಸನ್ನು ಒನಕೆಯಿಂದ ಫುಫು ಮುದ್ದೆಗೆ ಕುಟ್ಟುವಾಗ, ಆಕೆ ಬೋರಲು ಹಾಕಿದ ಬಣ್ಣದ ಡಬ್ಬಿಯ ಮೇಲೆ ಕೂತು ಒರಳಿನ ಮುದ್ದೆ ತಿರುವಿದಳು.

"ರೀ, ಡಬ್ಬಿಯ ಅಂಚು ನನ್ನ ಮೇಲೆ ಅಚ್ಚೊತ್ತಿದೆ. ಮಣೆ ಎಲ್ಲಿಗೆ ಬಂತು?"

"ಕಾಲಿನ ತುದೀನ ನಾಲಿಗೆ ಥರ ಕೆತ್ತಿ, ಹಲಗೆಯ ತೂತಿಗೆ ಕೂರಿಸೋದು ಕಲೀತಿದ್ದೀನಿ ಕಣೇ."

"ನಿಮ್ಮ ನಾಲಿಗೇನೇ ಅಷ್ಟುದ್ದ ಇದೆಯಲ್ಲ, ಅದನ್ನೇ ಕೂರಿಸಿ!"

ಕಲಿಸುತ್ತಿದ್ದವರು ಬೀದಿಕೊನೆಯ ಬಡಗಿ ಬೊಂಸು ಮೇಸ್ತ್ರಿ. ಮೇಷ್ಟ್ರು ಕೆತ್ತಿದ ಮೊದಲ ನಾಲಿಗೆ ತೂತಿನಲ್ಲಿ ಗಡಗಡ ಆಡಿತು. ಎರಡನೆಯದು ಒಳಗೇ ಹೋಗಲಿಲ್ಲ. ಮೂರನೆಯದಕ್ಕೆ ಹಲಗೆಯೇ ಸೀಳಿಹೋಯಿತು! ಕೊನೆಗೊಂದು ಶನಿವಾರ, ಕುಮಾಸಿ ಪಟ್ಟಣದ ತಮ್ಮ ವಠಾರದ ಅಂಗಳದಲ್ಲಿ, ಮರದ ಕೊಡತಿಯ ಏಟಿಗೆ ನಾಲಿಗೆ 'ಟಪ್' ಎಂದು ಕೂತಿತು. ಕೂದಲೆಳೆಯೂ ತೂರದು! ಮೂವತ್ತು ವರ್ಷ ಭೂಪಟದಲ್ಲಿ ಯಾರೋ ಎಳೆದ ಗೆರೆ ತೋರಿಸಿದ್ದ ಮೇಷ್ಟ್ರಿಗೆ, ತಾವೇ ಎಳೆದ ಗೆರೆಯಲ್ಲಿ ಎರಡು ಮರ ಒಂದಾದದ್ದು ಕಂಡು ಕಣ್ಣು ಒದ್ದೆಯಾಯಿತು. ಅದೇ ಹುರುಪಿನಲ್ಲಿ ಉಳಿದ ಮೂರು ಕಾಲನ್ನೂ ಬಡಿದು ಕೂರಿಸಿದರು.

ಆಮೇಲೆ ಕಾಲುಗಳ ನಡುವೆ ಅಡ್ಡಪಟ್ಟಿ ಕೂರಿಸಲು ಹೋದರೆ, ಅದಕ್ಕೆಂದು ನಾಲ್ಕನೆಯ ಕಾಲಿನಲ್ಲಿ ಕೊರೆದ ತೂತು ಹೊರಗೆ ಮುಖ ಮಾಡಿ ನಿಂತಿದೆ!

"ಸೆರ್ವಾ, ಬೇಗ ಬಾ! ಹಲಗೆ ಹಿಡ್ಕೋ!"

ಮೇಷ್ಟ್ರು ಕಾಲು ಎಳೆದರು, ಆಕೆ ಹಲಗೆ ಎಳೆದಳು. ವಠಾರವೇ ಸುತ್ತ ನೆರೆಯಿತು. ಕೈಜಾರಿ ಇಬ್ಬರೂ ಹಿಂದಕ್ಕೆ ಧೊಪ್ಪನೆ ಬಿದ್ದರು. ಕೀಲು ಮಾತ್ರ ಅಲುಗಲಿಲ್ಲ.

ಗಲಾಟೆ ಕೇಳಿ ಬಂದ ಬೊಂಸು ಮೇಸ್ತ್ರಿ ಮಣೆಯನ್ನು ತಿರುಗಿಸಿ ನೋಡಿದರು.

"ತಪ್ಪಾಯ್ತು ಮೇಸ್ತ್ರಿ," ಎಂದರು ಮೇಷ್ಟ್ರು, ಮಣ್ಣು ಕೊಡವುತ್ತ.

"ತಪ್ಪಾಗಿರೋದು ದಿಕ್ಕು. ಅದನ್ನ ಕಲಿಸೋದು ನಿಮ್ಮ ಕಸುಬು, ನನ್ನದಲ್ಲ! ಆದ್ರೆ ಈ ಕೀಲಿದೆಯಲ್ಲ, ನಾನು ಹಾಕಿದ್ರೂ ಹೀಗೇ ಇರ್ತಿತ್ತು."

ಸೆರ್ವಾ ಮಣೆಯ ಮೇಲೆ ಕೂತು ಅತ್ತಿತ್ತ ವಾಲಿ ನೋಡಿದಳು. "ಅಲ್ಲಾಡ್ತಾನೇ ಇಲ್ಲ ಕಣ್ರೀ!" ಎಂದು ಗಂಡನತ್ತ ನಕ್ಕು, ಅಡುಗೆ ಬಿಟ್ಟು ಓಡಿಬಂದಾಗ ನೆಲಕ್ಕಿಟ್ಟಿದ್ದ ಸೌಟಿನ ಹಿಡಿಯನ್ನು ಆ ತೂತಿಗೆ ಸಿಕ್ಕಿಸಿದಳು. "ಸದ್ಯ, ಇನ್ಮೇಲೆ ಸೌಟು ನೆಲಕ್ಕಿಡೋದು ತಪ್ಪಿತು."

ಮೇಷ್ಟ್ರ ಎದೆ ಉಬ್ಬಿತು. ಪಕ್ಕದ ಮನೆಯ ಪೊಕುವಾ ಮುಂದೆ ಬಂದಳು.

"ಮೇಷ್ಟ್ರೇ, ನನಗೂ ಇಂಥದ್ದೇ ಒಂದು ಬೇಕು."

"ಧಾರಾಳವಾಗಿ ಮಾಡೋಣಮ್ಮ!"

"ಮಣೆ ಬೊಂಸು ಮೇಸ್ತ್ರೀನೇ ಮಾಡ್ಲಿ. ಆ ಉಲ್ಟಾ ತೂತು ಮಾತ್ರ ನಿಮ್ಮ ಕೈಯಿಂದಲೇ ಆಗ್ಬೇಕು!"