ನನ್ನ ವೈಬರ್ನಮ್ ಹೂ ಬಿಡದ ಕಾರಣ

ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಗಂಟಲು ಹರಿದುಕೊಂಡವರಿಗೆ ಒಂದು ಸಂಗತಿ ಮನವರಿಕೆಯಾಗಿರುತ್ತದೆ. ತಪ್ಪು ಯಾವಾಗಲೂ ಎದುರಿನವರದ್ದೇ. ಅದನ್ನು ಮೂರು ನಿಮಿಷದೊಳಗೆ ಹುಡುಕಿ ತೋರಿಸುವುದಷ್ಟೇ ನಮ್ಮ ಕೆಲಸ. ಜಾತಕ, ವಾಸ್ತು, ಬಾಗಿಲಿಗೆ ಕಟ್ಟುವ ನಿಂಬೆಹಣ್ಣು, ಎಲ್ಲಕ್ಕೂ ಪುರಾವೆ ಕೇಳಿ ಮನೆಯವರ ತಲೆ ತಿಂದವಳು ನಾನು. ಇಂಥವಳು ಪುರಾವೆಯೇ ಇಲ್ಲದೆ ಒಂದೇ ಒಂದು ಮಾತನ್ನು ನಂಬಿದ್ದೆ: ನಮ್ಮ ವೈಬರ್ನಮ್ ಗಿಡದ ಹೂವನ್ನು ಎದುರುಮನೆ ನಿಂಗಮ್ಮ ಆಂಟಿ ಕದಿಯುತ್ತಾರೆ.

ಆ ಗಿಡ ತಂದದ್ದು ನಾನೇ. ಗೊಂಚಲು ಗೊಂಚಲು ಬಿಳಿ ಹೂ, ಬೀದಿಯೆಲ್ಲ ಘಮ್ಮನ್ನುತ್ತೆ ಅಂದಿದ್ದ ನರ್ಸರಿಯವನು. ಗೇಟಿನ ಪಕ್ಕದ ಆ ಜಾಗದ ಮೇಲೆ ಅಪ್ಪನಿಗೂ ಕಣ್ಣಿತ್ತು, ಸ್ಕೂಟರ್ ನಿಲ್ಲಿಸಲಿಕ್ಕೆ. ಎರಡು ವರ್ಷದಲ್ಲಿ ಹೂ ಬಿಡದಿದ್ದರೆ ಕಿತ್ತು ಹಾಕುವುದೆಂದು ಒಪ್ಪಂದವಾಯಿತು. ಹೂ ಬಿಡದೆ ಏನು? ಸಗಣಿ ಗೊಬ್ಬರ ಹಾಕಿದೆ, ಬುಡಕ್ಕೆ ಒಣಗಿದೆಲೆ ಹೊದಿಸಿದೆ, ಮಣ್ಣಿಗೆ ಬೆರಳು ಚುಚ್ಚಿ ತೇವ ನೋಡಿಯೇ ನೀರು ಹಾಕಿದೆ. ಚಳಿಗಾಲದಲ್ಲಿ ಕೊಂಬೆಗಳ ತುದಿಯಲ್ಲಿ ಸಾಸಿವೆ ಕಾಳಿನಂಥವು ಗುಂಪುಗುಂಪಾಗಿ ಅಂಟಿಕೊಂಡವು. ನೋಡಿದ ಕೂಡಲೇ ತೀರ್ಪು ಕೊಟ್ಟೆ: ಹುಳದ ಮೊಟ್ಟೆ. ಕತ್ತರಿ ಹಿಡಿದು ಒಂದನ್ನೂ ಬಿಡದೆ ಕತ್ತರಿಸಿ ಗೇಟಿನಾಚೆ ಎಸೆದೆ. ಮರುವರ್ಷವೂ ಅಷ್ಟೇ ಶ್ರದ್ಧೆಯಿಂದ ಎಸೆದೆ. ಹೂ ಮಾತ್ರ ಬರಲಿಲ್ಲ.

ಅಂದಮೇಲೆ ಯಾರೋ ಕೀಳುತ್ತಿದ್ದಾರೆ ಎಂದೇ ಅರ್ಥವಲ್ಲವೇ? ಸಹಕಾರನಗರದ ನಮ್ಮ ಬೀದಿಯಲ್ಲಿ ಅದಕ್ಕೆ ಹೆಸರಾದವರು ನಿಂಗಮ್ಮ ಆಂಟಿ. ಕೊಡಿಗೇಹಳ್ಳಿಯ ಹಳೇ ಮನೆತನದವರು. ದಿನಾ ಬೆಳಿಗ್ಗೆ ಪ್ಲಾಸ್ಟಿಕ್ ಕವರ್ ಹಿಡಿದು ಹೊರಟರೆ, ಯಾರ ಕಾಂಪೌಂಡಿನಿಂದ ಹೂ ಆಚೆ ಇಣುಕಿದರೂ ಅದು ಅವರ ದೇವರಿಗೆ. ಯಾರೂ ಏನೂ ಅನ್ನುವುದಿಲ್ಲ. ನಾನು ಮಾತ್ರ ಒಮ್ಮೆ ತಡೆದು, ಇನ್ನೊಬ್ಬರ ಹೂವಿನಲ್ಲಿ ಪೂಜೆ ಮಾಡಿದರೆ ಪುಣ್ಯ ಯಾರಿಗೆ ಅಂತ ಕೇಳಿದ್ದೆ. ಇಬ್ಬರಿಗೂ ಅರ್ಧರ್ಧ ಅಂದು ಇನ್ನೆರಡು ದಾಸವಾಳ ಕಿತ್ತುಕೊಂಡಿದ್ದರು.

ಯುಗಾದಿಗೆ ವಾರವಿರುವಾಗ ಅಪ್ಪ ಅಳತೆ ಟೇಪು ಹಿಡಿದು ಗಿಡದ ಸುತ್ತ ಓಡಾಡತೊಡಗಿದರು. ಇನ್ನು ತಡೆಯಲಾಗದೆ ರಸ್ತೆ ದಾಟಿದೆ. ಆಂಟಿ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಗೊಬ್ಬರ, ನೀರು, ಕತ್ತರಿಸಿ ಎಸೆದ ಹುಳದ ಮೊಟ್ಟೆ ಎಂದು ಮೂರು ಅಂಶ, ಒಂದು ಉಪಸಂಹಾರ, ಎಲ್ಲ ಮಂಡಿಸಿದೆ. ಅವರು ಪೂರ್ತಿ ಕೇಳಿ, ಕೈ ತೊಳೆದು, ನನ್ನನ್ನು ಮಹಡಿಗೆ ಕರೆದುಕೊಂಡು ಹೋದರು.

ಅಲ್ಲಿ ಒಂದು ಹಳೇ ಪೇಂಟ್ ಬಕೆಟ್. ಅದರಲ್ಲಿ ಮೊಣಕಾಲೆತ್ತರದ ವೈಬರ್ನಮ್. ಎಲೆ ಕಾಣದಷ್ಟು ಬಿಳಿ ಹೂ.

ಬಗ್ಗಿ ಗೊಂಚಲು ಸರಿಸಿ ಎಲೆ ನೋಡಿದೆ; ನಮ್ಮ ಗಿಡದ್ದೇ ಎಲೆ.

"ಹೋದ್ ವರ್ಷ ನೀನು ಗೇಟಾಚೆ ಎಸೆದ್ಯಲ್ಲ, ಅದೇ ಕಡ್ಡಿ," ಅಂದರು. "ಅದು ಉಳದ ಮೊಟ್ಟೆ ಅಲ್ಲ ಕಣಮ್ಮ, ಮೊಗ್ಗು. ಎರಡು ವರ್ಷದಿಂದ ನೀನೇ ಕತ್ತರಿಸ್ತಾ ಇದೀಯ."

ಯಾಕೆ ಹೇಳಲಿಲ್ಲ ಎಂದು ಕ್ಷೀಣವಾಗಿ ಕೇಳಿದೆ.

"ನಿಂಗೆ ಇಂಗಲ್ಲ ಅನ್ನೋಕೆ ಯಾರಿಂದಾಯ್ತದೆ? ಬಾಯ್ ತೆಗೆದ್ರೆ ಪುರಾವೆ ಅಂತೀಯ."

ಪುರಾವೆ ಮೂಗಿನೆದುರೇ ಘಮಘಮಿಸುತ್ತಿತ್ತು. ನಾನು ಮೆಟ್ಟಿಲಿಳಿದು ಬಂದೆ.

ಗೇಟಿನಲ್ಲಿ ಅಪ್ಪ ಕಾಯುತ್ತಿದ್ದರು. ಯಾರದಂತೆ ತಪ್ಪು ಅಂದರು. ನಂದು ಅಂದೆ. ಇಪ್ಪತ್ತಮೂರು ವರ್ಷ ನನ್ನನ್ನು ಸಾಕಿದ ಮನುಷ್ಯ ಆ ಪದ ನನ್ನ ಬಾಯಿಂದ ಎಂದೂ ಕೇಳಿರಲಿಲ್ಲ. ಮೆಲ್ಲಗೆ ಸ್ಕೂಟರಿನ ಮೇಲೆ ಕೂತು, ಜ್ವರವೇನಾದರೂ ಬಂದಿದೆಯಾ ಎಂದು ನನ್ನ ಹಣೆ ಮುಟ್ಟಿ ನೋಡಿದರು. ನಡೆದದ್ದನ್ನೆಲ್ಲ ಕೇಳಿದ ಮೇಲೆ ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡರು.

ಹೀಗೆ ಗಿಡಕ್ಕೆ ಇನ್ನೊಂದು ವರ್ಷ ಜೀವದಾನ ಸಿಕ್ಕಿದೆ. ಅಪ್ಪನ ಷರತ್ತು ಒಂದೇ: ಇನ್ನು ಮುಂದೆ ಅದನ್ನು ನಾನು ನೋಡಿಕೊಳ್ಳಬಾರದು.