ಗಲ್ಲಿ ಇತ್ತು

ಭೀಮರಾಜನ ಅಡುಗೆಮನೆಯ ಕಿಟಕಿ ಆ ಬೆಳಿಗ್ಗೆ ನಾಲ್ಕು ಬೆರಳಿನಷ್ಟು ತೆರೆದುಕೊಂಡು ಠಣ್ ಎಂದು ನಿಂತುಬಿಟ್ಟಿತು. ಇಣುಕಿ ನೋಡಿದರೆ ಎದುರಿಗೇ ಹೊಸ ಇಟ್ಟಿಗೆ ಗೋಡೆ. ಪಕ್ಕದ ಲಕ್ಕಣ್ಣ ತನ್ನ ಹೆಂಚಿನ ಮನೆ ಕೆಡವಿ ಐದು ಅಂತಸ್ತು ಎಬ್ಬಿಸಲು ಹೊರಟವನು, ಹಿಂದಿನ ಸಂಜೆಯೊಳಗೆ ಗೋಡೆಯನ್ನು ಇಲ್ಲಿಯವರೆಗೂ ತಂದು ನಿಲ್ಲಿಸಿದ್ದ. ಒಗ್ಗರಣೆಯ ಹೊಗೆ ಹೊರಗೆ ಹೋಗಲು ದಾರಿ ಕಾಣದೆ ಮನೆಯೆಲ್ಲ ಸುತ್ತಾಡಿ ಯಶೋಧಾಳ ಕಣ್ಣಿಗೇ ವಾಪಸು ಬಂತು.

“ರೀ, ಇವತ್ತು ನಿಮಗೆ ರಜೆ ತಾನೆ? ಒಂದೋ ಆ ಗೋಡೆ ಹೋಗ್ಬೇಕು, ಇಲ್ಲಾ ಇವತ್ತಿಂದ ಒಗ್ಗರಣೆ ನೀವೇ ಹಾಕ್ಬೇಕು,” ಎಂದಳು ಕೆಮ್ಮುತ್ತಾ.

ಪೀಣ್ಯದ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುವ ಭೀಮರಾಜನಿಗೆ ನಟ್ಟು ಬೋಲ್ಟು ಎಣಿಸಲು ಬರುತ್ತದೆಯೇ ಹೊರತು ಜಗಳವಾಡಲು ಬರುವುದಿಲ್ಲ. ಆದರೂ ಪಂಚೆ ಎತ್ತಿ ಕಟ್ಟಿ ಹೊರಟ. ಲಕ್ಕಣ್ಣ ಇಟ್ಟಿಗೆ ರಾಶಿಯ ಮೇಲೆ ಕೂತು ಮೇಸ್ತ್ರಿಯ ಜೊತೆ ಟೀ ಕುಡಿಯುತ್ತಿದ್ದ.

“ಲಕ್ಕಣ್ಣ, ಇಲ್ಲಿ ಊರಿನ ಗಲ್ಲಿ ಇತ್ತು. ಇದೇ ಜಾಗದಲ್ಲಿ ನಾನು ಗೋಲಿ ಆಡಿದೀನಿ.”

“ನೀನು ಗೋಲಿ ಆಡಿದ್ದು ನಮ್ಮ ದನ ಕಟ್ಟೋ ಜಾಗದಾಗೆ ಕಣಪ್ಪ. ಗಲ್ಲಿ ಗಿಲ್ಲಿ ಏನೂ ಇರ್ಲಿಲ್ಲ.”

“ಇತ್ತು ಅಂತ ನಮ್ಮಪ್ಪನೇ ಹೇಳ್ತಿದ್ದ.”

“ಹಂಗಾದ್ರೆ ತೋರ್ಸು. ಗಲ್ಲಿ ಮೇಲೆ ಯಾರ ಗೋಡೆ ಬಂದೈತೋ ಆ ಗೋಡೇನ ಈ ಮೇಸ್ತ್ರಿ ಇವತ್ತೇ ಒಡೀತಾನೆ. ನಾನೇ ನಿಂತು ಒಡೆಸ್ತೀನಿ.”

“ಆಮೇಲೆ ಮಾತು ಬದಲಾಯಿಸಬಾರ್ದು!” ಎಂದು ಭೀಮರಾಜ ಮೇಸ್ತ್ರಿಯನ್ನೇ ಸಾಕ್ಷಿ ಮಾಡಿಕೊಂಡು ಬಂದ.

ತೋರಿಸುವುದಕ್ಕೆ ಬೇಕಾದದ್ದು ಒಂದು ಹಳೆಯ ಫೋಟೋ. ಹಾಗಂತ ನೇರವಾಗಿ ಕೇಳಿದರೆ ಈ ಬೀದಿಯಲ್ಲಿ ಯಾರೂ ಕೊಡುವವರಲ್ಲ. ಅಮೃತಹಳ್ಳಿಯ ಈ ಹಳೇ ಬೀದಿಯಲ್ಲಿ ಒಂದು ಕಾಲಕ್ಕೆ ಎರಡು ಎತ್ತಿನಗಾಡಿ ಎದುರುಬದುರಾದರೂ ಆರಾಮಾಗಿ ದಾಟಿಹೋಗುತ್ತಿದ್ದವು. ಆಮೇಲೆ ಜಗಲಿಗಳು ರೂಮುಗಳಾದವು, ಹೆಂಚು ಹೋಗಿ ಆರ್‌ಸಿಸಿ ಬಂತು, ಪ್ರತಿ ಸಲ ಮನೆ ಕೆಡವಿ ಕಟ್ಟಿದಾಗಲೂ ಗೋಡೆ ಒಂದೊಂದು ಹೆಜ್ಜೆ ಮುಂದಕ್ಕೆ ಬಂತು. ಈಗ ಎರಡು ಸ್ಕೂಟರ್ ಎದುರಾದರೆ ಒಂದು ಯಾರದಾದರೂ ಗೇಟಿನೊಳಗೆ ಹೋಗಿ ನಿಲ್ಲಬೇಕು. ಆದ್ದರಿಂದ ಭೀಮರಾಜ ಒಂದು ಸುಳ್ಳು ಕಟ್ಟಿದ: ರಾಜ್ಯೋತ್ಸವಕ್ಕೆ “ನಮ್ಮ ಬೀದಿ, ಅಂದು ಇಂದು” ಎಂಬ ಫೋಟೋ ಪ್ರದರ್ಶನ.

ಮೊದಲು ಹೋದದ್ದು ಬೈರಣ್ಣನ ಮನೆಗೆ. ಬೈರಣ್ಣನ ಪಿ.ಜಿ. ಕಟ್ಟಡ ಚರಂಡಿಯ ಮೇಲೆ ಒಂದು ಕಾಲು ಊರಿಕೊಂಡಿತ್ತು.

“ಬೀದಿ ಕಾಣೋ ಫೋಟೋನಾ?” ಬೈರಣ್ಣ ಕಣ್ಣು ಕಿರಿದು ಮಾಡಿದ. “ಮನುಷ್ಯರು ಕಂಡ್ರೆ ಸಾಲ್ದಾ?” ಒಳಗೆ ಹೋಗಿ ಹತ್ತು ನಿಮಿಷ ಬಿಟ್ಟು ತನ್ನ ಮದುವೆ ಫೋಟೋ ತಂದುಕೊಟ್ಟ. ಅದರಲ್ಲಿ ಗಂಡು ಹೆಣ್ಣಿನ ಮುಖ ಬಿಟ್ಟರೆ ಸುತ್ತಲಿನದೆಲ್ಲ ಮಾಯವಾಗಿತ್ತು.

“ಗೆದ್ದಲು ತಿಂದ್ಬಿಟ್ಟೈತೆ.”

“ಗೆದ್ದಲು ಇಷ್ಟು ನೆಟ್ಟಗೆ ತಿನ್ನುತ್ತಾ ಬೈರಣ್ಣ?”

“ನಮ್ಮನೆ ಗೆದ್ದಲು ಇಂಗೇ,” ಎಂದು ಬೈರಣ್ಣ ಬಾಗಿಲು ಹಾಕಿಕೊಂಡ.

ಎರಡನೆಯ ಮನೆ ನಾಗಲಕ್ಷ್ಮಿಯದು. ಆಕೆ ಚಿಲಕದ ಸರಪಳಿ ತೆಗೆಯದೆ, ಸಂದಿಯಿಂದಲೇ ಒಂದು ಫೋಟೋ ತೋರಿಸಿದಳು. ಹಿಂದಿನ ಕಾಂಪೌಂಡನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡಿದ್ದಳು. “ನೋಡಿದ್ರಲ್ಲ ಅಣ್ಣ, ಸಾಕಲ್ವಾ?” ಎಂದು ಒಳಗೆಳೆದುಕೊಂಡಳು.

ಮೆಟ್ಟಿಲು ಇಳಿಯುವಷ್ಟರಲ್ಲಿ ಭೀಮರಾಜನ ಜೇಬಿನಲ್ಲಿ ಮೊಬೈಲ್ ಕುಯ್ ಎಂದಿತು. ಬೀದಿಯ ವಾಟ್ಸಾಪ್ ಗುಂಪಿಗೆ ಬೈರಣ್ಣನ ಸಂದೇಶ: “ಎಲ್ಲರೂ ಹುಷಾರು. ಭೀಮರಾಜ್ ಕಾರ್ಪೊರೇಷನ್‌ಗೆ ನಮ್ಮ ಹಳೇ ಫೋಟೋ ಕೊಡ್ತಿದಾನೆ. ಅವನಿಗೆ ಗೊತ್ತಾಗೋದು ಬೇಡ.” ಅವನೂ ಆ ಗುಂಪಿನಲ್ಲೇ ಇದ್ದಾನೆಂಬುದು ಬೈರಣ್ಣನಿಗೆ ಹೊಳೆದಿರಲಿಲ್ಲ.

ಅಲ್ಲಿಂದ ಬೀದಿಗೆ ಬೀದಿಯೇ ಅವನನ್ನು ಕಿಟಕಿಯ ಪರದೆ ಸರಿಸಿ ನೋಡತೊಡಗಿತು. ಸುಬ್ರಮಣಿಯ ಅಂಗಡಿಯ ಮೆಟ್ಟಿಲು ರಸ್ತೆಗೆ ಮೂರಡಿ ಚಾಚಿಕೊಂಡಿತ್ತು. ಭೀಮರಾಜ ಅಲ್ಲಿಗೆ ತಲುಪುವ ಹೊತ್ತಿಗೆ ಅದರ ಮೇಲೊಂದು ಕಲ್ಲು ಅರಿಶಿನ ಕುಂಕುಮ ಹಚ್ಚಿಕೊಂಡು ಕೂತಿತ್ತು.

“ಯಾವ ದೇವರು ಸುಬ್ರಮಣಿ ಇದು?”

“ಇನ್ನೂ ಗೊತ್ತಾಗಿಲ್ಲ ಗುರು. ನೀನು ಮೊದ್ಲು ಕೈ ಮುಗಿ.”

ಭೀಮರಾಜ ಕೈ ಮುಗಿದು ಮುಂದೆ ಹೋದ. ಉಳಿದದ್ದು ಬೀದಿಯ ಕೊನೆಯ ಹೆಂಚಿನ ಮನೆ, ಎಂಬತ್ತು ದಾಟಿದ ಮಾರಕ್ಕನದು. ಮಾರಕ್ಕನ ಗೋಡೆ ಹುಟ್ಟಿದ ಜಾಗದಿಂದ ಅಲ್ಲಾಡಿರಲಿಲ್ಲ, ಹೀಗಾಗಿ ಆಕೆಗೆ ಮುಚ್ಚಿಡುವುದು ಏನೂ ಇರಲಿಲ್ಲ.

“ಬೀದಿ ಕಾಣೋದಾ? ನಮ್ಮ ಮಾವ ತೀರ್ಕೊಂಡಾಗ ತೆಗ್ಸಿದ್ದು ಐತೆ,” ಎಂದು ಟ್ರಂಕಿನಿಂದ ಕಟ್ಟು ಹಾಕಿಸಿದ ಫೋಟೋ ಹೊರತೆಗೆದಳು. ಆಗಿನ ಪದ್ಧತಿಯಂತೆ ಸತ್ತ ಮುನಿನಾರಾಯಣಪ್ಪನವರನ್ನು ಪೇಟ ತೊಡಿಸಿ, ಹಾರ ಹಾಕಿ, ಮನೆ ಮುಂದೆ ಜಾಗ ಸಾಲದೆ ಬೀದಿಯಲ್ಲಿ ಬಯಲಾಗಿದ್ದ ಕಡೆ ಕುರ್ಚಿಯಲ್ಲಿ ಕೂರಿಸಿದ್ದರು. ಸುತ್ತ ಐವತ್ತು ಜನ ನೆಂಟರು. ಅಷ್ಟೂ ಜನರನ್ನು ಹಿಡಿಸಲು ಫೋಟೋದವನು ದೂರ ಸರಿದಿದ್ದರಿಂದ ಇಡೀ ಬೀದಿಯೇ ಅದರಲ್ಲಿತ್ತು. ಎರಡು ಮನೆಗಳ ನಡುವೆ ಗಲ್ಲಿ! ಭೀಮರಾಜನ ಎದೆ ಕುಣಿಯಿತು. ಕೈ ಚಾಚಿದ.

“ಕೈಗೆ ಕೊಡಾಕಿಲ್ಲ. ನೀನು ಏನ್ ಮಾಡ್ತೀಯೋ ಯಾರಿಗ್ಗೊತ್ತು? ನಾನೇ ಬತ್ತೀನಿ ನಡಿ,” ಎಂದು ಮಾರಕ್ಕ ಫೋಟೋವನ್ನು ಸೆರಗಿನೊಳಗೆ ಅವುಚಿಕೊಂಡಳು.

ಲಕ್ಕಣ್ಣನ ಇಟ್ಟಿಗೆ ರಾಶಿಯ ಹತ್ತಿರ ಅಷ್ಟರಲ್ಲಿ ಬೀದಿಯವರೆಲ್ಲ ಸೇರಿದ್ದರು. ಸೌಟು ಹಿಡಿದುಕೊಂಡೇ ಯಶೋಧಾಳೂ ಬಂದಿದ್ದಳು. ಭೀಮರಾಜ ಎದೆಯುಬ್ಬಿಸಿ, “ಮಾರಕ್ಕ, ಗಲ್ಲಿ ಎಲ್ಲೈತೆ, ಎಲ್ಲಾರಿಗೂ ತೋರ್ಸು,” ಎಂದ.

ಮಾರಕ್ಕ ಫೋಟೋದ ಮೇಲೆ ಬೆರಳಿಟ್ಟಳು. “ಇದು ಲಕ್ಕಣ್ಣನ ಕಲ್ಲು ಚಪ್ಪಡಿ ಬೇಲಿ. ಬೇಲಿ ಒಳಗೆ ಅವ್ನ ಹಸ. ಈಗ ಗೋಡೆ ಎದ್ದೈತಲ್ಲ, ಅದೇ ಸಾಲು.”

“ಹ್ಞಾಂ... ಆಮೇಲೆ?” ಭೀಮರಾಜನ ದನಿ ಒಂದಿಷ್ಟು ಇಳಿಯಿತು.

“ಆಮೇಲೆ ಗಲ್ಲಿ. ಗಲ್ಲಿ ಆದ್ಮೇಲೆ ನಿಮ್ಮಪ್ಪನ ಮನೆ. ನಡುಮನೆ ಆಯ್ತು, ಅಲ್ಲಿಗೆ ಗೋಡೆ ಮುಗೀತು.”

ಬೈರಣ್ಣ ಕನ್ನಡಕ ಏರಿಸಿ ಬಾಗಿದ. “ಅಡುಗೆಮನೆ ಎಲ್ಲಿ ಮಾರಕ್ಕ?”

“ಅಡುಗೆಮನೆ ಆಗ ಎಲ್ಲಿತ್ತು? ಆ ಜಾಗದಾಗೆ ನಮ್ಮ ಮಾವ ಕೂತವ್ರೆ ನೋಡು.”

ಬೆಳಿಗ್ಗೆಯಿಂದ ಭೀಮರಾಜನನ್ನು ಕಂಡು ನಡುಗಿದ್ದ ಬೀದಿ ಈಗ ಅವನ ಅಡುಗೆಮನೆಯ ಕಡೆಗೆ ತಿರುಗಿ ನೋಡಿತು. ಅದನ್ನು ಗಲ್ಲಿಯ ಮೇಲೆ ಕಟ್ಟಿಸಿದ್ದ ಅಪ್ಪನ ಮೇಲೆ ಅವನಿಗೆ ಎಂದೂ ಬಾರದಷ್ಟು ಸಿಟ್ಟು ಬಂತು.

ಲಕ್ಕಣ್ಣ ನಿಧಾನವಾಗಿ ಟೀ ಲೋಟ ಕೆಳಗಿಟ್ಟ. “ನಾನು ಸೋತೆ ಕಣ್ ಭೀಮ. ನೀನು ಹೇಳಿದ್ದೇ ಸರಿ. ಗಲ್ಲಿ ಇತ್ತು.”

ಮೇಸ್ತ್ರಿ ಸುತ್ತಿಗೆ ಎತ್ತಿಕೊಂಡು ನಿಂತ. ಭೀಮರಾಜ ದಿಕ್ಕು ತೋಚದೆ ಹೆಂಡತಿಯ ಕಡೆ ನೋಡಿದ. ಗಟ್ಟಿ ಬಾಯಿಯವಳು, ಇವಳೊಬ್ಬಳು ತನ್ನ ಪರ ನಿಂತರೆ ಇಡೀ ಬೀದಿಯನ್ನೇ ಎದುರಿಸಬಹುದು. “ನೀನಾದ್ರೂ ಏನಾದ್ರೂ ಹೇಳೇ,” ಎಂದು ಗೋಗರೆದ.

ಯಶೋಧಾ ಫೋಟೋದಿಂದ ಕಣ್ಣು ತೆಗೆದಿರಲಿಲ್ಲ. ಅವಳ ಬೆರಳು ಮುನಿನಾರಾಯಣಪ್ಪನವರ ಮಡಿಲ ಮೇಲೆ ನಿಂತಿತ್ತು.

“ಸ್ಟೌ ಇಟ್ಟಿರೋದು ಇಲ್ಲಿ ತಾನೆ? ಅಂದ್ರೆ ಇಪ್ಪತ್ತು ವರ್ಷದಿಂದ ನಾನು ಹೆಣದ ತೊಡೆ ಮೇಲೆ ಒಗ್ಗರಣೆ ಹಾಕ್ತಿದೀನೇನ್ರೀ?” ಎಂದವಳೇ ಸೌಟನ್ನು ಗಂಡನ ಕೈಗೆ ತುರುಕಿ, ಮೇಸ್ತ್ರಿಯ ಕೈಯಿಂದ ಸುತ್ತಿಗೆ ಕಿತ್ತುಕೊಂಡು ಅಡುಗೆಮನೆಯ ಕಡೆ ನಡೆದಳು.